ಬಯೋಗ್ಯಾಸ್ ಇಲ್ಲದ ಫ್ಯಾಕ್ಟರಿ

"ಯಾರೂ ಆ ಕೀಬೋರ್ಡ್ ಮುಟ್ಟಬೇಡಿ" ಎಂದಳು ಸೌಮ್ಯ. "ನಲ್ಲಪ್ಪಣ್ಣ, ನಿಮ್ಮನ್ನೂ ಸೇರಿಸಿ ಹೇಳಿದ್ದು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಧೂಳು ಒರೆಸೋಣ ಅಂತ ಹೋಗಿದ್ದೆ, ಅಷ್ಟೆ. ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರಾದ ಮನುಷ್ಯನನ್ನು ಮಗಳ ವಯಸ್ಸಿನವಳು ಹೀಗೆ ಎಲ್ಲರ ಮುಂದೆ ಗದರಿದರೆ ಕೋಪ ಬರಬೇಕು. ಮೊದಮೊದಲು ನನಗೂ ಬರುತ್ತಿತ್ತು. ಸೌಮ್ಯ ವೈಟ್‌ಫೀಲ್ಡಿನ ಕಂಪ್ಯೂಟರ್ ಕೆಲಸ ಬಿಟ್ಟು ಕುಂದಲಹಳ್ಳಿಯಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿದಾಗಿನಿಂದ ನಾನು ಅವಳ ಜೊತೆಗಿದ್ದೇನೆ. ಈಗೀಗ ಅವಳು ಗದರದಿದ್ದರೆ ಅವಳಿಗೆ ಮೈ ಹುಷಾರಿಲ್ಲವೇನೋ ಅಂತ ಗಾಬರಿಯಾಗುತ್ತದೆ.

ಪೀಣ್ಯ ಎರಡನೇ ಹಂತದಲ್ಲಿ, ಬಾಲಾಜಿಯವರ ಫ್ಯಾಕ್ಟರಿಯೊಳಗೆ ನಿಂತಿದ್ದೆವು. ಪಕ್ಕದ ಶೆಡ್ಡಿನ ಲೇತ್ ಯಂತ್ರ ಕಿರ್ರೆನ್ನುತ್ತಿತ್ತು. ಎದುರಿಗೆ ಗ್ಯಾಸ್ ರೂಮು. ಆಳೊಬ್ಬ ಒಳಗೆ ಓಡಾಡುವಷ್ಟು ದೊಡ್ಡ ಕಬ್ಬಿಣದ ಕೋಣೆ ಅದು. ತಯಾರಾದ ಉಕ್ಕಿನ ಬಿಡಿಭಾಗಗಳನ್ನು ಅದರೊಳಗಿಟ್ಟು, ಬಾಗಿಲು ಹಾಕಿ, ಗಾಳಿಯನ್ನೆಲ್ಲ ಹೊರದೂಡಿ ನೈಟ್ರೋಜನ್ ತುಂಬುತ್ತಾರೆ. ಆಗ ತುಕ್ಕು ಹಿಡಿಯುವುದಿಲ್ಲ. ಒಳಗೆ ಸಿಕ್ಕಿಕೊಂಡವರಿಗೆ ಉಸಿರಿಗೆ ಗಾಳಿಯೂ ಉಳಿಯುವುದಿಲ್ಲ.

ಚನಬಸಪ್ಪ ಬಿದ್ದಿದ್ದು ಅದರೊಳಗೆ. ಈಗ ಆಸ್ಪತ್ರೆಯಲ್ಲಿ ಒಂದು ಯಂತ್ರ ಅವನಿಗೆ ಉಸಿರು ಕೊಡುತ್ತಿದೆ. ಗ್ಯಾಸ್ ಬಿಟ್ಟವಳು ಅವನ ಒಡಹುಟ್ಟಿದ ಅಕ್ಕ ಮಹಾದೇವಿ ಅಂತ ಇಡೀ ಪೀಣ್ಯ ಮಾತಾಡುತ್ತಿದೆ.

ಆ ಮಹಾದೇವಿ ಕಂಬಕ್ಕೆ ಒರಗಿ ನಿಂತಿದ್ದಳು. ಸಿಂದಗಿ ಕಡೆಯವಳು. ಮಾಕಳಿಯಲ್ಲಿ ನಮ್ಮಕ್ಕ ಮುನಿಯಕ್ಕನ ವಠಾರದಲ್ಲಿ ಬಾಡಿಗೆಗಿದ್ದು, ತಮ್ಮನನ್ನೂ ಕರೆಸಿ ಇದೇ ಫ್ಯಾಕ್ಟರಿಗೆ ಸೇರಿಸಿದ್ದಳು. ಗ್ಯಾಸ್ ರೂಮಿನ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವಳದು. "ಆ ಹೆಣ್ಣುಮಗಳು ಅಂಥೋಳಲ್ಲ ಕಣೋ" ಅಂತ ಮುನಿಯಕ್ಕ ನನ್ನ ಬೆನ್ನು ಹತ್ತಿದ್ದಕ್ಕೇ ನಾವು ಇಲ್ಲಿಗೆ ಬಂದದ್ದು.

ಅವಳ ತಾಯಿ ಸಿದ್ದಮ್ಮ ಊರಿಂದ ಬಂದು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದಾಳೆ. ಬೆಳಿಗ್ಗೆ ಮಗಳು ನೀರಿನ ಬಾಟಲಿ ಹಿಡಿದು ಹೋದರೆ, ಮುಖ ತಿರುಗಿಸಿಬಿಟ್ಟಳು. "ನನ್ನ ಮಗಗ ಗ್ಯಾಸ್ ಬಿಟ್ಟ ಕೈಲೆ ನಾ ನೀರು ಕುಡೀಲೇನು?" ಅಂದಳು. ನಾನು ಪಕ್ಕದಲ್ಲೇ ಇದ್ದೆ. 

"ನೋಡಿ ಮೇಡಂ" ಎಂದರು ಸಬ್ ಇನ್‌ಸ್ಪೆಕ್ಟರ್ ಭಾಗ್ಯಮ್ಮ. ಕೆಟ್ಟ ಹೆಂಗಸಲ್ಲ, ಕೆಲಸದ ಒತ್ತಡದಲ್ಲಿ ಸಿಡುಕುತ್ತಾರೆ. "ಸಂಜೆ ನಾನು ಇವ್ರನ್ನ ಕರ್ಕೊಂಡು ಹೋಗ್ಲೇಬೇಕು. ಮಿಷಿನ್ ಕೇಳದೆ ಗ್ಯಾಸ್ ಬಿಡಲ್ಲ. ಬಾಗ್ಲು ಹಾಕಿದ ತಕ್ಷಣ ಬಿಡ್ಲಾ ಅಂತ ಕೇಳುತ್ತೆ. ಹೌದು ಅಂತ ಹೊಡೆದ್ರೆ ಬಿಡುತ್ತೆ, ಬೇಡ ಅಂದ್ರೆ ಇಲ್ಲ. ಆ ಕೀಬೋರ್ಡಲ್ಲಿ ಕೂರೋದು ಇವ್ರೊಬ್ರೇ. ಒಳಗೆ ತಮ್ಮ ಇದಾನೆ ಅಂತ ನೋಡದೆ ಹೊಡೆದಿದಾರೆ."

"ನಾ ಹೊಡೆದಿಲ್ರಿ" ಎಂದಳು ಮಹಾದೇವಿ. ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ, ಈಗ ದನಿಯಲ್ಲಿ ಜೀವವೇ ಇರಲಿಲ್ಲ. "ನೀರಿನ ಟ್ಯಾಂಕರ್ ಬಂದಿತ್ರಿ. ಪೈಪ್ ಹಿಡಿಯಾಕ ಗೇಟಿಗೆ ಹ್ವಾದೆ. ಹೋಗೂಮುಂದ ರೂಮಿನ ಬಾಗ್ಲಾ ತೆರೆದಿತ್ತು. ಬಂದು ನೋಡಿದ್ರ ಹಾಕಿತ್ತು. ಬಾಗ್ಲಾದ ಗಾಜಿನಾಗ ಇಣುಕಿದೆ. ಅವನ ಕಾಲು ಕಾಣ್ತು."

ಅಂಬರೀಶ್ ನಿಟ್ಟುಸಿರು ಬಿಟ್ಟ. ಫ್ಯಾಕ್ಟರಿಯ ಇಂಜಿನಿಯರ್, ನೆಲಮಂಗಲದ ಹುಡುಗ, ಇಸ್ತ್ರಿ ಕೆಡದ ಷರ್ಟು. ಆ ಕಂಪ್ಯೂಟರ್ ಕೇಳುವ ಪ್ರಶ್ನೆಯನ್ನು ಬರೆದವನು ಅವನೇ. "ಅವರಿಗೆ ಮರೆತಿರ್ಬಹುದು ಮೇಡಂ. ಹೌದು ಅಂತ ಹೊಡೆದ್ಮೇಲೂ ಗ್ಯಾಸ್ ಬರೋಕೆ ಸ್ವಲ್ಪ ಹೊತ್ತು ಬೇಕು. ಹೊಡೆದು, ಗೇಟಿಗೆ ಹೋಗಿರ್ತಾರೆ."

ಮಾಲೀಕ ಬಾಲಾಜಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮಾತಿಲ್ಲ. ದಿನಾ ಆಸ್ಪತ್ರೆಗೆ ಹೋಗಿ ಚನಬಸಪ್ಪನ ಮಂಚದ ಪಕ್ಕ ಕೂತು ಬರುತ್ತಾರೆ, ಖರ್ಚೆಲ್ಲ ತಮ್ಮದೇ ಅಂದಿದ್ದಾರೆ. ಇಂಥ ಧಣಿಗಳು ಈ ಕಾಲದಲ್ಲೂ ಇದ್ದಾರಲ್ಲ ಅಂತ ನನಗೆ ಅವರ ಮೇಲೆ ಗೌರವ ಹುಟ್ಟಿತ್ತು.

ಸೌಮ್ಯ ಇದ್ಯಾವುದನ್ನೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಬಗ್ಗಿ ಪರದೆಯನ್ನೇ ನೋಡುತ್ತಿದ್ದಳು. ಅಪಘಾತದ ನಂತರ ಯಾರೂ ಮುಟ್ಟದಂತೆ ಭಾಗ್ಯಮ್ಮ ಅದನ್ನು ಹಾಗೇ ಇರಿಸಿದ್ದರು. ಕಪ್ಪು ಪರದೆ, ಬಿಳಿ ಅಕ್ಷರ. ಕೊನೆಯ ಸಾಲಿನಲ್ಲಿ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪ್ರಶ್ನೆ: ಗ್ಯಾಸ್ ಬಿಡ್ಲಾ, ಹೌದು ಅಥವಾ ಬೇಡ. ಅದರ ಪಕ್ಕದಲ್ಲೇ ಇನ್ನೊಂದು ಮಾತು.

"ನಲ್ಲಪ್ಪಣ್ಣ, ಪ್ರಶ್ನೆ ಆದ್ಮೇಲೆ ಏನಿದೆ, ಓದಿ."

ಕನ್ನಡಕ ಸರಿ ಮಾಡಿಕೊಂಡೆ. "ಬಯೋಗ್ಯಾಸ್ ಆನ್."

"ಒಂದೊಂದೇ ಅಕ್ಷರ ಓದಿ."

"ಬಿ, ವೈ, ಎ, ಜಿ, ಎ, ಎಸ್. ಆಮೇಲೆ ಆನ್." ಓದುತ್ತ ಓದುತ್ತ ನನಗೇ ಅನುಮಾನವಾಯಿತು. "ಬಯೋಗ್ಯಾಸ್‌ಗೆ ವೈ ಬತ್ತದಾ ಸೌಮ್ಯಮ್ಮ?"

ಭಾಗ್ಯಮ್ಮ ಕೈ ಬೀಸಿದರು. "ಅದು ಸ್ಪೆಲ್ಲಿಂಗ್ ಮಿಸ್ಟೇಕ್. ಮಹಜರು ಮಾಡುವಾಗ ನಮ್ಮ ರೈಟರ್ ಸರಿ ಮಾಡಿ ಬಯೋಗ್ಯಾಸ್ ಅಂತ ಬರೆದ."

ಸೌಮ್ಯ ನೆಟ್ಟಗೆ ನಿಂತಳು. ಅವಳ ಮುಖದಲ್ಲಿ ಆ ಕಳೆ ಬಂದಾಗಲೆಲ್ಲ ನನಗೆ ಊಟ ತಪ್ಪುತ್ತದೆ.

"ಅಂಬರೀಶ್, ನಿಮ್ಮ ಫ್ಯಾಕ್ಟರೀಲಿ ಬಯೋಗ್ಯಾಸ್ ಎಲ್ಲಿದೆ?"

"ಇಲ್ಲ ಮೇಡಂ. ಇಲ್ಲಿರೋದು ನೈಟ್ರೋಜನ್."

"ಮತ್ತೆ ನಿಮ್ಮ ಸ್ಕ್ರಿಪ್ಟ್ ಬಯೋಗ್ಯಾಸ್ ಅಂತ ಯಾಕೆ ಬರೀತು?"

ಅವನು ಪರದೆ ನೋಡಲಿಲ್ಲ. "ಏನೋ ಜಂಕ್ ಬಂದಿರುತ್ತೆ."

ಸ್ಕ್ರಿಪ್ಟ್ ಅಂದರೇನು ಅಂತ ಸೌಮ್ಯ ದಾರಿಯಲ್ಲೇ ನನಗೆ ಹೇಳಿಕೊಟ್ಟಿದ್ದಳು. ಕಂಪ್ಯೂಟರ್ ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದಿಡುವುದು. ಬಾಗಿಲು ಹಾಕಿತಾ ನೋಡು, ಹಾಕಿದ್ದರೆ ಪ್ರಶ್ನೆ ಕೇಳು, ಉತ್ತರ ಓದು, ಗ್ಯಾಸ್ ಬಿಡು. ಅದರ ನಕಲನ್ನು ಅವಳು ನಿನ್ನೆಯೇ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದಳು. ಆ ನಕಲಿಗೆ ಗ್ಯಾಸಿನ ಸಂಬಂಧ ಇರಲಿಲ್ಲ, ಓಡಿಸಿದರೂ ಬರೀ ಅಕ್ಷರ ಬರುತ್ತಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಬರಹದಲ್ಲಿ ಬಯೋಗ್ಯಾಸ್ ಹುಡುಕಿಸಿದಳು. ಬರಲಿಲ್ಲ. ಬಿ ವೈ ಎ ಹುಡುಕಿಸಿದಳು. ಅದೂ ಬರಲಿಲ್ಲ. ಅದರಲ್ಲಿದ್ದದ್ದು ಬರೀ "ಗ್ಯಾಸ್ ಆನ್".

"ಭಾಗ್ಯಮ್ಮ ಮೇಡಂ, ಬನ್ನಿ. ನೀವೇ ಹೌದು ಅಂತ ಹೊಡೀರಿ."

ಲ್ಯಾಪ್‌ಟಾಪಿನಲ್ಲಿ ಪ್ರಶ್ನೆ ಮೂಡಿತು. ಭಾಗ್ಯಮ್ಮ ಒಂದೇ ಬೆರಳಿನಲ್ಲಿ ಹೌದು ಅಂತ ಒತ್ತಿ, ಎಂಟರ್ ಹೊಡೆದರು. ತಕ್ಷಣ ಕೆಳಗಿನ ಸಾಲಿನಲ್ಲಿ ಬಂತು, ಗ್ಯಾಸ್ ಆನ್.

"ಎಷ್ಟು ಹೊತ್ತು ತಗೊಂತು ಮೇಡಂ?"

"ಹೊತ್ತೆಲ್ಲಿ. ಆಗಲೇ ಬಂತಲ್ಲ." ಭಾಗ್ಯಮ್ಮ ಅಂಬರೀಶನ ಕಡೆ ತಿರುಗಿದರು. "ಸ್ವಲ್ಪ ಹೊತ್ತು ಬೇಕು ಅಂದ್ರಿ?"

ಅವನು ಮೂಗು ಉಜ್ಜಿಕೊಂಡ.

"ಇನ್ನೊಂದು ನೋಡಿ" ಎಂದಳು ಸೌಮ್ಯ. "ನೀವು ಎಂಟರ್ ಹೊಡೆದ್ರಿ, ಮಾತು ಕೆಳಗಿನ ಸಾಲಿಗೆ ಇಳೀತು. ಆ ದೊಡ್ಡ ಪರದೆ ಮೇಲೆ ಇಳಿದಿದೆಯಾ?"

ಎಲ್ಲರೂ ತಿರುಗಿದೆವು. ಇಳಿದಿರಲಿಲ್ಲ. ಪ್ರಶ್ನೆ, ಆ ಮೂರಕ್ಷರ, ಗ್ಯಾಸ್ ಆನ್, ಎಲ್ಲ ಒಂದೇ ಸಾಲಿನಲ್ಲಿ ಮೈಗೆ ಮೈ ಅಂಟಿಸಿಕೊಂಡು ಕೂತಿದ್ದವು. ಎಷ್ಟು ಜನ ಎಷ್ಟು ಸಲ ಆ ಸಾಲು ನೋಡಿದ್ದೆವು. ಪೊಲೀಸರು ನೋಡಿದ್ದರು, ಮಾಲೀಕ ನೋಡಿದ್ದರು, ಕನ್ನಡಕ ಹಾಕಿಕೊಂಡು ನಾನೂ ನೋಡಿದ್ದೆ.

"ಅಂದ್ರೆ?" ಎಂದರು ಭಾಗ್ಯಮ್ಮ, ದನಿ ತಗ್ಗಿಸಿ.

"ಅಂದ್ರೆ ಯಾರೂ ಎಂಟರ್ ಒತ್ತಿಲ್ಲ. ಹೌದು ಅಂತ ಯಾರೂ ಹೇಳೇ ಇಲ್ಲ."

"ಹೇಳದೆ ಗ್ಯಾಸ್ ಹೆಂಗೆ ಬಂತು?"

"ಈಗ ನೋಡಿ. ಯಾರೂ ಏನೂ ಮಾಡಬೇಡಿ. ಸುಮ್ನೆ ಇರಿ."

ಅವಳು ಮತ್ತೆ ಪ್ರಶ್ನೆ ಬರಿಸಿ, ಕೈ ಎರಡೂ ಮೇಲೆತ್ತಿ ಹಿಂದೆ ಸರಿದಳು. ಗ್ಯಾಸ್ ಬಿಡ್ಲಾ. ಅದರ ಮುಂದೆ ಪುಟ್ಟ ಬಿಳಿ ಗೆರೆಯೊಂದು ಮಿನುಗುತ್ತ ಕಾಯತೊಡಗಿತು. ಲೇತಿನ ಸದ್ದು ಆ ಕ್ಷಣಕ್ಕೆ ನಿಂತಿತ್ತು. ಐದು ಜನ ಒಂದು ಮಿನುಗನ್ನು ನೋಡುತ್ತ ನಿಂತೆವು. ನನಗೆ ಕೆಮ್ಮು ಬಂದರೂ ತಡೆದುಕೊಂಡೆ. ಕೆಮ್ಮಿದರೆ ಅದೂ ಉತ್ತರವಾಗಿಬಿಡುತ್ತದೇನೋ ಅನ್ನಿಸಿತು, ನಗಬೇಡಿ.

ಅರ್ಧ ನಿಮಿಷ ಆಗಿರಬೇಕು. ಯಾರೂ ಮುಟ್ಟದ ಪರದೆಯಲ್ಲಿ, ಅದೇ ಸಾಲಿನಲ್ಲಿ, ತಾನಾಗಿ ಬಂತು. ಗ್ಯಾಸ್ ಆನ್.

ನನ್ನ ಮೈ ಜುಮ್ಮೆಂದಿತು. ದೆವ್ವ ಬಿಡಿಸುವ ಮನೆಗಳಿಗೂ ಡ್ಯೂಟಿ ಮೇಲೆ ಹೋದವನು ನಾನು, ಆಗೆಲ್ಲ ಇಷ್ಟು ಹೆದರಿರಲಿಲ್ಲ. ಒಂದು ಯಂತ್ರ ಪ್ರಶ್ನೆ ಕೇಳಿತು, ಕಾಯಿತು, ನಮ್ಮೆಲ್ಲರ ಸುಮ್ಮನಿರುವಿಕೆಯನ್ನು ಹೌದು ಎಂದು ತೆಗೆದುಕೊಂಡಿತು.

"ಇದು ಟೈಮ್‌ಔಟ್, ಕಾಯೋಕೆ ಇಟ್ಟ ಗಡುವು" ಎಂದಳು ಸೌಮ್ಯ. "ಅಂಬರೀಶ್, ಈ ಸಾಲು ಯಾರು ಬರೆದ್ರು?"

ಅಂಬರೀಶನ ಇಸ್ತ್ರಿ ಷರ್ಟು ಬೆವರಿಗೆ ಅಂಟಿಕೊಂಡಿತ್ತು. "ನಾನೇ."

"ಮೊದಲಿಂದ ಇತ್ತಾ?"

"ಇಲ್ಲ. ಮೊದಲು ಅದು ಉತ್ತರ ಬರೋವರೆಗೂ ಕಾಯ್ತಿತ್ತು. ಒಂದ್ಸಲ ಆಪರೇಟರ್ ಬಾಗ್ಲು ಹಾಕಿ, ಉತ್ತರ ಕೊಡೋದು ಮರೆತು ಮನೆಗೆ ಹೋಗ್ಬಿಟ್ರು. ಬೆಳಿಗ್ಗೆವರೆಗೂ ಅದು ಕೇಳ್ತಾನೇ ಕೂತಿತ್ತು. ಒಳಗಿದ್ದ ಮಾಲೆಲ್ಲ ತುಕ್ಕು ಹಿಡಿದು ವಾಪಸ್ ಬಂತು. ಅದಕ್ಕೆ ಅರ್ಧ ನಿಮಿಷ ಕಾಯಿ ಅಂತ ಹಾಕ್ದೆ."

"ಅರ್ಧ ನಿಮಿಷ ಕಾಯಿ ಅಂತ ಹಾಕಿದ್ದು ತಪ್ಪಲ್ಲ. ಕೊನೆಯಿಲ್ಲದೆ ಕಾಯೋದೂ ಒಳ್ಳೇದಲ್ಲ. ಕಾದು ಉತ್ತರ ಬರದಿದ್ರೆ ಏನಂತ ತಗೋಬೇಕು ಅಂತ ಬರೆದ್ರಿ?"

"ಹೌದು ಅಂತ."

"ಯಾಕೆ?"

"ಯಾವಾಗ್ಲೂ ಹೌದು ಅಂತಾನೇ ಹೊಡೀತಿದ್ರು ಮೇಡಂ."

"ಜೀವ ಹೋಗೋ ಕೆಲಸಕ್ಕೆ ಉತ್ತರ ಬರ್ಲಿಲ್ಲ ಅಂದ್ರೆ ಬೇಡ ಅಂತ ತಗೋಬೇಕು. ಗಂಟೆ ಬಾರಿಸ್ಬೇಕು, ಯಾರನ್ನಾದ್ರೂ ಕರೀಬೇಕು, ಸುಮ್ನೆ ನಿಲ್ಬೇಕು. ಈ ಬದಲಾವಣೆ ಆಪರೇಟರ್‌ಗೆ ಹೇಳಿದ್ರಾ?"

ಅವನು ತಲೆ ಅಲ್ಲಾಡಿಸಿದ. ಆಮೇಲೆ, ಯಾರೂ ಕೇಳದಿದ್ದರೂ, "ಕೆಲಸ ಹೋಗುತ್ತೆ ಅಂತ ಭಯ ಆಯ್ತು" ಎಂದ.

"ನಿನ್ನ ಕೆಲ್ಸ ಉಳೀಲಿ ಅಂತ ಅವ್ಳು ಜೈಲಿಗೆ ಹೋಗ್ಬೇಕಾ?" ಎಂದೆ ನಾನು. ಸೌಮ್ಯ ನನ್ನ ತೋಳು ಮುಟ್ಟಿದಳು. ಇಲ್ಲದಿದ್ದರೆ ಇನ್ನೂ ನಾಲ್ಕು ಬೈದಿರುತ್ತಿದ್ದೆ.

ಮಹಾದೇವಿ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದಳು. ಪರದೆಯನ್ನು ನೋಡಿ, ಸೌಮ್ಯಳನ್ನು ನೋಡಿ, "ಅಂದ್ರ ನಾ ಅಲ್ರಿ?" ಎಂದಳು.

"ನೀವಲ್ಲ."

 ಅವಳು ಸೆರಗು ಬಾಯಿಗೊತ್ತಿಕೊಂಡಳು. "ಇದನ್ನ ನಮ್ಮವ್ವಗ ಹೇಳ್ತೀರಿ? ನಾ ಹೇಳಿದ್ರ ನಂಬೂದಿಲ್ಲ."

ನಾನೇ ಹೇಳುತ್ತೇನೆ ಅಂದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಯಾಕೆ ಮುಚ್ಚಿಡಲಿ.

ಭಾಗ್ಯಮ್ಮ ಮಾತ್ರ ಪೊಲೀಸೇ. "ಮೇಡಂ, ಆ ಮೂರಕ್ಷರ ಉಳೀತಲ್ಲ. ಯಾರೂ ಮುಟ್ಟದಿದ್ರೆ ಆ ಬಿ ವೈ ಎ ಎಲ್ಲಿಂದ ಬಂತು?"

ಸೌಮ್ಯ ಮೂರನೇ ಸಲ ಪ್ರಶ್ನೆ ಬರಿಸಿದಳು. ಈ ಸಲ ಯಾವುದೋ ಮೂರು ಅಕ್ಷರ ಒತ್ತಿ, ಎಂಟರ್ ಒತ್ತದೆ ಕೈ ತೆಗೆದಳು. ಕಾದೆವು. ಅರ್ಧ ನಿಮಿಷಕ್ಕೆ ಆ ಅಕ್ಷರಗಳ ಬಾಲ ಹಿಡಿದು ಬಂತು, ಗ್ಯಾಸ್ ಆನ್.

"ಒತ್ತಿದ ಅಕ್ಷರ ಪರದೆ ಮೇಲೆ ಕಾಣುತ್ತೆ. ಆದ್ರೆ ಎಂಟರ್ ಒತ್ತೋವರೆಗೂ ಸ್ಕ್ರಿಪ್ಟಿನ ಕಿವಿಗೆ ಬೀಳಲ್ಲ. ಅದರ ಲೆಕ್ಕದಲ್ಲಿ ಯಾರೂ ಮಾತಾಡಿಲ್ಲ." ಅವಳ ದನಿ ಈಗ ಬದಲಾಗಿತ್ತು, ಗುಡಿಯೊಳಗೆ ಮಾತಾಡುವವರ ಹಾಗೆ. "ಆವತ್ತು ಈ ಕೀಬೋರ್ಡ್ ಮುಂದೆ ಯಾರೋ ನಿಂತಿದ್ರು. ಏನೋ ಬರೆಯೋಕೆ ಶುರು ಮಾಡಿದ್ರು. ಮುಗಿಸೋಷ್ಟರಲ್ಲಿ ಹೊತ್ತು ಮೀರಿತು."

"ಬಿ ಅಂದ್ರೆ ಬೇಡ ಇರ್ಬೇಕು" ಎಂದ ಅಂಬರೀಶ್. "ಆದ್ರೆ ಬೇಡಕ್ಕೆ ಬಿ ಆದ್ಮೇಲೆ ಇ ಬರುತ್ತೆ, ವೈ ಅಲ್ಲ."

ಅಷ್ಟರಲ್ಲಿ ಬೇಕರಿಯಿಂದ ಚಹಾ ಬಂತು. ಬಾಲಾಜಿ ಒಂದು ಲೋಟ ತೆಗೆದುಕೊಂಡರು. ನಾನು ಇನ್ನೊಂದನ್ನು ಮಹಾದೇವಿಯ ಮುಂದೆ ಹಿಡಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಪಾಪ.

"ಬ್ಯಾಡ್ರಿ" ಎಂದಳು.

ಸೌಮ್ಯ ಗಕ್ಕನೆ ತಿರುಗಿದಳು. ನಾನು ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ಬ್ಯಾಡ. ಬಿ, ವೈ, ಎ, ಇನ್ನೆರಡು ಅಕ್ಷರ ಬಾಕಿ.

"ಮಹಾದೇವಿ, ನೀವು ಕಂಪ್ಯೂಟರಲ್ಲಿ ಏನಂತ ಹೊಡೀತಿದ್ರಿ? ಬೇಡ ಅಂತಾನೋ, ಬ್ಯಾಡ ಅಂತಾನೋ?"

"ಬೇಡ ಅಂತರೀ. ಶುರುವಿಗೆ ಬ್ಯಾಡ ಅಂತ ಹೊಡೆದಿದ್ದೆ. ಅದು ತಿಳ್ಕೊಳ್ಳಲಿಲ್ಲ. ಮಷೀನಿಗೆ ಬೆಂಗಳೂರು ಮಾತು ಅಷ್ಟ ಬರತೈತಿ ಅಂತ ಅಂಬರೀಶ್ ಸಾರ್ ನಕ್ರು."

ಅಂಬರೀಶ್ ನೆಲ ನೋಡಿದ.

ಭಾಗ್ಯಮ್ಮ ನನ್ನ ಕಡೆ ಬೆರಳು ಮಾಡಿದರು. "ನೀವೂ ಬ್ಯಾಡ ಅಂತೀರಲ್ಲ ನಲ್ಲಪ್ಪನೋರೆ, ವರ್ತೂರು ಕಡೆ? ಗೇಟಿನ ವಾಚ್‌ಮನ್ ಆಂಜಿನಪ್ಪನೂ ಹಂಗೇ ಅಂತಾನೆ. ಬ್ಯಾಡ ಅನ್ನೋರು ಇವ್ರ ಊರೋರೇ ಆಗ್ಬೇಕು ಅಂತಿಲ್ಲ."

"ಸರಿ" ಎಂದಳು ಸೌಮ್ಯ. "ಆವತ್ತು ಫ್ಯಾಕ್ಟರೀಲಿ ಹಾಗೆ ಮಾತಾಡೋರು ಮೂರು ಜನ. ಮಹಾದೇವಿ, ಆಂಜಿನಪ್ಪ, ಚನಬಸಪ್ಪ. ಗೇಟಿನ ಕ್ಯಾಮೆರಾ ವಿಡಿಯೋ ತೆಗೀರಿ ಮೇಡಂ."

ಭಾಗ್ಯಮ್ಮನ ಫೋನಿನಲ್ಲಿ ಆ ವಿಡಿಯೋ ಇತ್ತು. ಗ್ಯಾಸ್ ಶುರುವಾದ ಕೂಡಲೇ ಶೆಡ್ಡಿನ ನೆತ್ತಿಯ ಮೇಲೆ ಒಂದು ಕೆಂಪು ದೀಪ ಹತ್ತಿಕೊಳ್ಳುತ್ತದೆ, ಅದು ಗೇಟಿನಿಂದಲೂ ಕಾಣುತ್ತದೆ. ದೀಪ ಹತ್ತಿದ ಗಳಿಗೆಯಲ್ಲಿ ಮಹಾದೇವಿ ಟ್ಯಾಂಕರಿನ ಪೈಪು ಸಂಪಿನೊಳಗೆ ಇಳಿಸುತ್ತಿದ್ದಳು. ಪೈಪಿನ ಇನ್ನೊಂದು ತುದಿಯಲ್ಲಿ ಆಂಜಿನಪ್ಪ. ಇದನ್ನು ಎಲ್ಲರೂ ಮೊದಲೇ ನೋಡಿದ್ದರು, ಆದರೆ ಹೌದು ಅಂತ ಹೊಡೆದ ಮೇಲೂ ಹೊತ್ತು ಬೇಕು ಎಂಬ ಅಂಬರೀಶನ ಮಾತು ಅವರ ಕಣ್ಣು ಕಟ್ಟಿತ್ತು.

"ಅಲ್ಲಿಂದ ಅರ್ಧ ನಿಮಿಷ ಹಿಂದಕ್ಕೆ ಹೋಗಿ. ಪ್ರಶ್ನೆ ಹುಟ್ಟಿದ್ದೇ ಆಗ. ಅದಕ್ಕಿಂತ ಮೊದಲು ಯಾರೂ ಅದಕ್ಕೆ ಉತ್ತರ ಬರೆಯೋಕೆ ಆಗಲ್ಲ."

ಭಾಗ್ಯಮ್ಮ ಹಿಂದಕ್ಕೆ ಸರಿಸಿದರು. ಆಗಲೂ ಅವರಿಬ್ಬರೂ ಅಲ್ಲೇ, ಪೈಪಿನ ಸುರುಳಿ ಬಿಚ್ಚುತ್ತ, ಏನೋ ಹೇಳಿ ನಗುತ್ತ. ಪೂರಾ ಅರ್ಧ ನಿಮಿಷ ಇಬ್ಬರೂ ಕ್ಯಾಮೆರಾದ ಕಣ್ಣೆದುರಿನಿಂದ ಕದಲಲಿಲ್ಲ.

"ಉಳಿದಿದ್ದು ಚನಬಸಪ್ಪ" ಎಂದರು ಭಾಗ್ಯಮ್ಮ. ಆಮೇಲೆ ಅವರಿಗೇ ತಾವು ಅಂದದ್ದು ಹೊಳೆದು, ಫೋನು ಕೆಳಗಿಟ್ಟರು. "ಆದ್ರೆ ಅವನು ಒಳಗಿದ್ದ."

"ಒಳಗಿರ್ಲಿಲ್ಲ ಮೇಡಂ. ಇಲ್ಲಿದ್ದ. ನಾವು ನಿಂತಿರೋ ಜಾಗದಲ್ಲಿ."

ಮಹಾದೇವಿ ತನ್ನ ಫೋನು ತೆಗೆದು ಸೌಮ್ಯಳ ಮುಂದೆ ಹಿಡಿದಳು. ವಾಟ್ಸಾಪಿನಲ್ಲಿ ತಮ್ಮ ಕಳಿಸಿದ ಸಂದೇಶಗಳು. ಅವನೂ ನಮ್ಮ ಹುಡುಗರ ಹಾಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಿದ್ದ. ರೊಟ್ಟಿ ಬ್ಯಾಡ ಅಕ್ಕ. ನೀ ಕಾಯಬ್ಯಾಡ ಅಕ್ಕ. ಪ್ರತಿಯೊಂದರಲ್ಲೂ ಬಿ, ವೈ, ಎ.

ನಾನು ಆ ದೊಡ್ಡ ಪರದೆಯ ಮುಂದೆ ಹೋಗಿ ನಿಂತೆ. ಇಷ್ಟು ಹೊತ್ತು ತಪ್ಪಕ್ಷರ ಅಂತ ನಾವು ತಳ್ಳಿಹಾಕಿದ್ದ ಆ ಮೂರು ಅಕ್ಷರಗಳು ಒಬ್ಬ ಮನುಷ್ಯನ ಕೂಗು. ಕೈಮುಗಿಯಬೇಕು ಅನ್ನಿಸಿತು. ಮುಗಿದೆ ಕೂಡ. ಯಾರೂ ನಗಲಿಲ್ಲ.

"ಪೂರ್ತಿ ಬರೆದು ಎಂಟರ್ ಒತ್ತಿದ್ರೂ ಈ ಮಿಷಿನ್‌ಗೆ ಬ್ಯಾಡ ಅರ್ಥ ಆಗ್ತಿರ್ಲಿಲ್ಲ" ಎಂದಳು ಸೌಮ್ಯ ಮೆಲ್ಲಗೆ. "ಅಂಬರೀಶ್, ಬಾಗ್ಲು ಹಾಕಿದ್ಮೇಲೆ ಒಳಗೆ ಯಾರೋ ಉಳಿದ್ರೆ ಏನು ಮಾಡ್ಬೇಕು ಅಂತ ಇವ್ರಿಗೆಲ್ಲ ಹೇಳಿಕೊಟ್ಟಿದ್ರಿ?"

"ಮೊದಲು ಬೇಡ ಅಂತ ಹೊಡೀರಿ, ಆಮೇಲೆ ಬಾಗ್ಲು ತೆಗೀರಿ ಅಂತ. ಉತ್ತರ ಬರೋವರೆಗೂ ಅದು ಕಾಯುತ್ತೆ, ಗಾಬರಿ ಬೇಡ ಅಂತ." ಹೇಳುತ್ತ ಹೇಳುತ್ತ ಅವನು ಪರದೆಯ ಕಡೆ ತಿರುಗಿದ. "ಅದು ಹಳೇ ಪಾಠ ಮೇಡಂ. ಟೈಮ್‌ಔಟ್ ಹಾಕೋಕೆ ಮುಂಚಿಂದು."

"ಅವನು ಅದನ್ನೇ ಮಾಡ್ದ. ಕಾಯುತ್ತೆ ಅಂತ ನಂಬಿ, ಒಂದೊಂದೇ ಅಕ್ಷರ ಹುಡುಕ್ತಿದ್ದ. ಕಣ್ಣೆದುರೇ ಗ್ಯಾಸ್ ಆನ್ ಅಂತ ಬಂತು. ಕೀಬೋರ್ಡ್ ಬಿಟ್ಟು ಓಡಿಹೋಗಿ, ಬಾಗ್ಲು ತೆಗೆದು, ಒಳಗೆ ನುಗ್ಗಿದ."

ಆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನ ಹಿಡಿ ಕಿತ್ತುಹೋಗಿ ತಿಂಗಳುಗಳಾಗಿವೆ. ಅದು ಚನಬಸಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ನುಗ್ಗಿದ. ಹೀಗೂ ಮನುಷ್ಯರಿರುತ್ತಾರಾ ಅಂತ ನಾನು ಆ ಕಬ್ಬಿಣದ ಬಾಗಿಲನ್ನು ನೋಡಿದೆ.

"ಅಂವ ಯಾಕ ನುಗ್ಗಿದನ್ರಿ?" ಎಂದಳು ಮಹಾದೇವಿ.

 ಅವಳೇ ಮುಂದುವರಿಸಿದಳು, ನಿಧಾನಕ್ಕೆ, ಒಂದೊಂದು ಮಾತನ್ನೂ ತೂಗಿ. "ರೂಮ್ ಖಾಲಿ ಇದ್ರ ಅಂವ ಬ್ಯಾಡ ಅಂತ ಯಾಕ ಹೊಡೀತಿದ್ದ? ಒಳಗ ಯಾರೋ ಇದ್ರು. ನಮ್ಮ ಚನ್ಯಾ ಅವರನ್ನ ಉಳಿಸಾಕ ಹೋಗ್ಯಾನ. ಅವರು ಹೊರಗ ಬಂದಾರ. ಬಂದು ಸುಮ್ನದಾರ."

ಭಾಗ್ಯಮ್ಮ ಅವಳ ಹೆಗಲ ಮೇಲೆ ಕೈಯಿಟ್ಟರು. "ನೀನು ಮನೆಗೆ ಹೋಗಮ್ಮ. ನಿನ್ನ ಮೇಲೆ ಏನೂ ಇಲ್ಲ. ಮಿಕ್ಕಿದ್ದು ನಾವು ನೋಡ್ಕೋತೀವಿ."

"ಇಲ್ರಿ. ನಾ ಹೋಗಂಗಿಲ್ಲ." ಅವಳು ಆ ಕೈಯನ್ನು ಮೆತ್ತಗೆ ಇಳಿಸಿ ಅಂಬರೀಶನ ಎದುರು ಹೋಗಿ ನಿಂತಳು. ಅಳು ನಿಂತುಹೋಗಿತ್ತು. "ನೀವ ಇದ್ರೇನ್ರಿ ಸಾರ್, ಒಳಗ?"

"ಇಲ್ಲ ಮಹಾದೇವಿ. ನಾನು ಆವತ್ತು ಹೊಸೂರು ರಸ್ತೆ ಕಸ್ಟಮರ್ ಹತ್ರ ಇದ್ದೆ. ಸೌಮ್ಯ ಮೇಡಂ ಆ ಕಸ್ಟಮರ್‌ನೇ ವಿಚಾರಿಸಿದ್ದಾರೆ." ಸೌಮ್ಯ ಹೌದೆಂದು ತಲೆಯಾಡಿಸಿದಳು.

ಮಹಾದೇವಿ ಮೂಲೆಗೆ ನಡೆದಳು. ಅಲ್ಲಿ ಬಾಲಾಜಿ ಚಹಾ ಲೋಟ ಹಿಡಿದುಕೊಂಡು ಕೂತಿದ್ದರು. ಒಂದು ಗುಟುಕೂ ಕುಡಿದಿರಲಿಲ್ಲ. ಈ ಇಡೀ ಮಧ್ಯಾಹ್ನ ಅವರು ಮಹಾದೇವಿಯ ವಿರುದ್ಧ ಒಂದು ಮಾತೂ ಆಡಿಲ್ಲ, ಅವಳ ಪರವಾಗಿಯೂ ಆಡಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಅಪಘಾತದ ಹೊತ್ತಿಗೆ ಮಾಕಳಿ ಗೋಡೌನಿನಲ್ಲಿದ್ದೆ ಅಂತ ಹೇಳಿಕೆ ಕೊಟ್ಟಿದ್ದರು. ಧಣಿ ಹೇಳಿದ್ದನ್ನು ಯಾರೂ ಪರೀಕ್ಷಿಸಲು ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

"ನೀವ ಇದ್ರೇನ್ರಿ ಧಣ್ಯಾರ?"

ಬಾಲಾಜಿ ತಲೆ ಎತ್ತಿದರು.  ಅವಳು ಅವಸರ ಮಾಡಲಿಲ್ಲ. ಅವರ ಮುಖ ನೋಡುತ್ತ, ಕೈಕಟ್ಟಿಕೊಂಡು ನಿಂತಳು.

"ನಂಗೆ ಧೈರ್ಯ ಬರ್ಲಿಲ್ಲಮ್ಮ" ಎಂದರು ಕೊನೆಗೆ. ದನಿ ಮುದುಕನದಾಗಿತ್ತು. "ನನ್ನ ಕಾಲರ್ ಹಿಡಿದು ಹೊರಗೆ ಎಳೆದು ಹಾಕ್ದ. ನಾನು ನೆಲದ ಮೇಲೆ ಬಿದ್ದೆ, ತಲೆ ತಿರುಗ್ತಿತ್ತು. ಅವನು ಹೊರಗೇ ಇದ್ದ. ಚೆನ್ನಾಗಿದ್ದ. ನನ್ನ ನೋಡಿ, ಉಸಿರು ಕಟ್ಟಿಕೊಂಡು ಮತ್ತೆ ಒಳಗೆ ಹೋದ."

ಸೌಮ್ಯ ಲ್ಯಾಪ್‌ಟಾಪ್ ಮುಚ್ಚಿದಳು.

"ಹೊರಗ ಬಂದಾಂವ ಮತ್ತ ಯಾಕ ಹೋದನ್ರಿ?" ಎಂದಳು ಮಹಾದೇವಿ. "ನಾ ಬಾಗ್ಲಾ ತೆಗೆದಾಗ ಒಳಗ ಅಂವ ಒಬ್ಬನ ಇದ್ದ."

ಬಾಲಾಜಿಯವರ ಕೈಯಿಂದ ಲೋಟ ಜಾರಿ ಚಹಾ ನೆಲದ ಮೇಲೆ ಹರಿಯಿತು. ಅವರು ಅದನ್ನು ನೋಡಲಿಲ್ಲ.

"ನೀನು ತೆಗೆದಾಗ ಒಬ್ಬನೇ ಇದ್ದ" ಎಂದರು. "ಬಾಗ್ಲು ಹಾಕಿಕೊಂಡಾಗ ಒಳಗೆ ನಾನೊಬ್ಬನೇ ಇರ್ಲಿಲ್ಲಮ್ಮ. ಇನ್ನೊಬ್ರನ್ನೂ ಅವನೇ ಹೊರಗೆ ತಳ್ಳಿದ."